ಕಲ್ಲಿನಲ್ಲಿ ಕೈಹಿಡಿದ ಇಬ್ಬರು

ಅಕ್ಕಾ,

ನಮ್ಮ ಕೆಯೋಸ್ ದ್ವೀಪಕ್ಕೆ ಹೊರಟ ದೋಣಿಯವನು ಅವಸರ ಮಾಡುತ್ತಿದ್ದಾನೆ, ಬರೆಯಲು ಸಿಕ್ಕ ಈ ಸೀಸದ ತಗಡೂ ಚಿಕ್ಕದು. ನನ್ನ ಕೆಮ್ಮು ಬಿಟ್ಟಿದೆ. ಬಾರ್ಲಿ ಗಂಜಿ ಸೇರುತ್ತಿದೆ.

ನನ್ನಾಕೆ ಮೆಲಿಟ್ಟಳ ಗೋರಿಗೆ ಕಲ್ಲು ತರಲು ಮೊನ್ನೆ ಕುಂಬಾರಗೇರಿಗೆ ಹೋದೆ. ಇಷ್ಟು ವರ್ಷ ಅಥೆನ್ಸಿನಲ್ಲಿದ್ದರೂ ಕಲ್ಲುಕುಟಿಗರ ಅಂಗಳಕ್ಕೆ ಕಾಲಿಟ್ಟವನಲ್ಲ. ಅಲ್ಲಿ ಗೋರಿಕಲ್ಲುಗಳನ್ನು ಮೊದಲೇ ಕೆತ್ತಿ ಇಟ್ಟಿರುತ್ತಾರೆ. ಹೆಸರಿನ ಜಾಗವಷ್ಟೇ ಖಾಲಿ. ಒಂದರಲ್ಲಿ ಕುಳಿತ ಹೆಂಗಸೂ ನಿಂತ ಗಂಡಸೂ ಕೈಹಿಡಿದುಕೊಂಡಿದ್ದರು. ಇಬ್ಬರ ಮುಖದಲ್ಲೂ ಅಳುವಿಲ್ಲ, ಭಯವಿಲ್ಲ. ತುಂಬ ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ.

"ಇವರಲ್ಲಿ ಸತ್ತಿರೋದು ಯಾರಪ್ಪ?" ಎಂದು ಶಿಲ್ಪಿ ಲೈಕೋನನನ್ನು ಕೇಳಿದೆ.

"ಕಲ್ಲಿಗೇನು ಗೊತ್ತು ಯಜಮಾನ್ರೇ? ನಾನು ಯಾರ ತಲೆ ಮೇಲೆ ಹೆಸರು ಕೊರೀತೀನೋ ಅವರೇ," ಎಂದ.

ಪಕ್ಕದಲ್ಲಿ ಕಲ್ಲು ಉಜ್ಜುತ್ತಿದ್ದ ಅವನ ಹೆಂಡತಿ ತಲೆಯೆತ್ತದೆ ಅಂದಳು: "ಹಂಗಾದ್ರೆ ಅವಳ ಕೈ ಹಿಡ್ಕೊಂಡಿರೋನು ಯಾರಂತೆ, ದಾರೀಲಿ ಹೋಗೋನಾ? ಎರಡು ಹೆಸರು ಕೊರೆಯೋಕೆ ಇವರಿಗೆ ಮೈಗಳ್ಳತನ, ಅಷ್ಟೇ."

ಮೆಲಿಟ್ಟಳ ಕೈಯನ್ನು ಹೆಸರಿಲ್ಲದವನ ಕೈಯಲ್ಲಿ ಬಿಟ್ಟುಬರಲು ನನಗೆ ಮನಸ್ಸಾಗಲಿಲ್ಲ. ಎರಡೂ ಹೆಸರು ಕೊರೆಯಲು ಹೇಳಿ ಬಂದಿದ್ದೇನೆ.

ನಮ್ಮೂರ ನಾವಿಕರು ಆ ಗೋರಿಗಳ ದಾರಿಯಲ್ಲೇ ಓಡಾಡುತ್ತಾರೆ. ಕಲ್ಲಿನ ಮೇಲೆ ನಿನ್ನ ತಮ್ಮನ ಹೆಸರು ಓದಿದೆವೆಂದು ಯಾರಾದರೂ ಬಂದು ಹೇಳಿದರೆ, ಸೂತಕವೆಂದು ಕೂದಲು ಕತ್ತರಿಸಿಕೊಳ್ಳಬೇಡ. ಕುಳಿತವಳು ಅವಳು. ನಾನಿನ್ನೂ ನಿಂತಿದ್ದೇನೆ.

ನಿನ್ನ ನಿಕಾನೋರ್