ಸ್ಮಿತ್ ಮನೆತನದ ವಿಚಾರಣೆ

ರೆನ್ನಿಂಗೆನ್, ಜರ್ಮನಿ
ಸೆಪ್ಟೆಂಬರ್ 14, 2025

ನಮ್ಮ ಮಧುವಿನ ಅಪ್ಪನವರಿಗೆ ಅನ್ನಪೂರ್ಣಾ ಮಾಡುವ ಶರಣು ಶರಣಾರ್ಥಿ.

ಇಲ್ಲಿ ನಾವಿಬ್ಬರೂ ಆರಾಮ. ನೀವು ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ಎಂದು ನಂಬಿದ್ದೇನೆ. ಫೋನಿನಲ್ಲಿ ಡೆಕ್ಲನ್ ಹೆಸರು ಎತ್ತಿದರೆ ಸಾಕು, ನೀವು ಕಟ್ ಮಾಡಿಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮಧುವಿನ ಜೊತೆ ಕೆಲಸ ಮಾಡುವ ವಿಜಯಪುರದ ಸುನಿಲಕುಮಾರ ಬುಧವಾರ ಊರಿಗೆ ಹೊರಟಿದ್ದಾನೆ. ಇದನ್ನು ನಿಮ್ಮ ಕೈಗೇ ಕೊಟ್ಟು, ನೀವು ಓದಿ ಮುಗಿಸುವ ತನಕ ಚಹಾ ಕುಡಿಯುತ್ತ ಕೂತಿರಬೇಕೆಂದು ಅವನಿಗೆ ಹೇಳಿದ್ದೇನೆ. ಹೊರಗಿನವರ ಮುಂದೆ ನೀವು ಕಾಗದ ಹರಿಯುವವರಲ್ಲ.

ಮಗಳ ಮನಸ್ಸು ತಿರುಗಿಸಿ ಬಾ ಎಂದು ನೀವು ನನ್ನನ್ನು ಕಳಿಸಿದಿರಿ. ಹುಡುಗ ಐರ್ಲೆಂಡಿನವನು, ಡೆಕ್ಲನ್ ಸ್ಮಿತ್ ಅಂತೆ, ಹಿಂದಿಲ್ಲ ಮುಂದಿಲ್ಲ. ಮನೆತನ ಗೊತ್ತಿಲ್ಲದವರಿಗೆ ದೇಸಾಯರ ಮನೆಯ ಹೆಣ್ಣು ಕೊಡುವುದಿಲ್ಲ, ಮದುವೆಗೂ ಬರುವುದಿಲ್ಲ ಎಂದಿರಿ. ಸುಳ್ಳೇಕೆ ಹೇಳಲಿ, ನಾನೂ ಮುರಿಯಬೇಕೆಂದೇ ಬಂದವಳು. ಅವನು ಮನೆಗೆ ಬಂದ ಮೊದಲ ಭಾನುವಾರವೇ ಎದುರಿಗೆ ಕೂಡಿಸಿಕೊಂಡು, ನಮ್ಮಲ್ಲಿ ಸಂಬಂಧ ನೋಡುವಾಗ ಹಿರಿಯರು ಕೇಳುವುದನ್ನೆಲ್ಲ ಕೇಳಿದೆ. ಅಡ್ಡಹೆಸರು ಎಲ್ಲಿಂದ ಬಂತು, ಮೂಲ ಊರು ಯಾವುದು, ಮುತ್ತಜ್ಜ ಏನು ಮಾಡಿಕೊಂಡಿದ್ದ, ಮನೆದೇವರು ಯಾರು. ಮಧು ನಾಚಿಕೆಯಿಂದ ಕೆಂಪಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಕ್ಕರೆ ಸಿಟ್ಟು ಮಾಡಿ ಎದ್ದುಬಿಡೋಣ ಎಂದು ಕಾಯುತ್ತಿದ್ದೆ.

ಅವನು ನಗಲಿಲ್ಲ. ಪೆನ್ನು ಕೇಳಿ ಇಸಿದುಕೊಂಡು ನಾಲ್ಕೂ ಪ್ರಶ್ನೆ ಬರೆದುಕೊಂಡ. ಅಜ್ಜನಿಂದಾಚೆ ತನಗೆ ಯಾರೂ ಗೊತ್ತಿಲ್ಲ ಎಂದ. ಸ್ಮಿತ್ ಎಂದೊಡನೆ ಎಲ್ಲರೂ ಇಂಗ್ಲಿಷರವನು ಅಂದುಕೊಳ್ಳುತ್ತಾರೆ, ತನ್ನ ದೇಶದಲ್ಲೂ ಕೇಳುತ್ತಾರೆ, ಏನು ಹೇಳಬೇಕೆಂದು ಇವತ್ತಿಗೂ ತಿಳಿದಿಲ್ಲ ಎಂದ. ನಾನು ಗೆಲ್ಲಲಿಕ್ಕೆ ಕೇಳಿದ ಪ್ರಶ್ನೆ ಅವನಿಗೆ ನಿಜವಾಗಿ ನೋವಿನದಾಗಿತ್ತು ಎಂದು ಆಗ ಗೊತ್ತಾಯಿತು.

ಮರುವಾರ ಲ್ಯಾಪ್‌ಟಾಪ್ ತಂದ. ಐರ್ಲೆಂಡಿನ ಹಳೆಯ ಜನಗಣತಿ ಅದರಲ್ಲಿ ನೋಡಲು ಸಿಗುತ್ತದೆ. 1911ರಲ್ಲಿ ಕ್ಯಾವನ್ ಎಂಬ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅವನ ಮುತ್ತಜ್ಜ ಹದಿಮೂರರ ಹುಡುಗ. ಅಪ್ಪ ಜೇಮ್ಸ್ ಸ್ಮಿತ್, ಕಸುಬು ಕಮ್ಮಾರಿಕೆ. ಅಲ್ಲಿಂದ ಹಿಂದಕ್ಕೆ ಚರ್ಚಿನ ನಾಮಕರಣದ ಪುಸ್ತಕ. 1862ರಲ್ಲಿ ಆ ಜೇಮ್ಸ್ ಹುಟ್ಟಿದ್ದು ಸಿಕ್ಕಿತು, ಅಪ್ಪ ಫಿಲಿಪ್ ಸ್ಮಿತ್, ತಾಯಿ ಬ್ರಿಜಿಟ್. ಅದರಾಚೆ ಆ ಊರಲ್ಲಿ ಸ್ಮಿತ್ ಎಂಬವರೇ ಇಲ್ಲ. ಮೂರು ಭಾನುವಾರ ಇಬ್ಬರೂ ಅಲ್ಲೇ ತಲೆ ಕೆಡಿಸಿಕೊಂಡು ಕೂತರು.

ನಾಲ್ಕನೆಯ ವಾರ ನನಗೆ ತಡೆಯಲಿಲ್ಲ, ಕನ್ನಡಕ ಹಾಕಿಕೊಂಡು ಹೋಗಿ ನಡುವೆ ಕೂತೆ. ಅದು ಲ್ಯಾಟಿನ್ ಅವ್ವಾ, ನಿನಗೇನು ತಿಳೀತದ ಎಂದಳು ನಿಮ್ಮ ಮಗಳು. ಮೂವತ್ತೊಂದು ವರ್ಷ ಶಾಲೆಯ ದಾಖಲಾತಿ ರಜಿಸ್ಟರ್ ಬರೆದವಳು ನಾನು. ಯಾವ ಭಾಷೆಯದಾದರೂ ರಜಿಸ್ಟರು ರಜಿಸ್ಟರೇ ಎಂದೆ. ಅದೇ ಪುಸ್ತಕದಲ್ಲಿ 1858ರಲ್ಲಿ ಒಂದು ಕೂಸು, 1860ರಲ್ಲಿ ಒಂದು. ಅಪ್ಪ ಫಿಲಿಪ್ ಮ್ಯಾಕ್‌ಗೋವನ್. ಇವರು ಬೇರೆ ಮನೆಯವರೆಂದು ಇಬ್ಬರೂ ದಾಟಿ ಹೋಗಿದ್ದರು. ಆದರೆ ಅಲ್ಲಿ ತಾಯಿಯ ತವರಿನ ಅಡ್ಡಹೆಸರನ್ನೂ ಬರೆಯುತ್ತಿದ್ದರು ನೋಡಿ. ಮೂರೂ ಕಡೆ ಬ್ರಿಜಿಟ್ ರೇಲಿ. ಊರು ಒಂದೇ, ಎರಡೆರಡು ವರ್ಷಕ್ಕೊಂದು ಕೂಸು. ಇವಳು ಒಬ್ಬಳೇ ಬಾಣಂತಿ ಎಂದೆ. 1862ಕ್ಕೆ ಅಕ್ಷರವೂ ಬದಲಾಗಿತ್ತು, ಹೊಸ ಪಾದ್ರಿ ಬಂದಿರಬೇಕು. ಹೊಸ ಮಾಸ್ತರರು ಬಂದಾಗ ಅಣ್ಣನಿಗೊಂದು, ತಮ್ಮನಿಗೊಂದು ಅಡ್ಡಹೆಸರು ಬಿದ್ದದ್ದನ್ನು ನಾನೆಷ್ಟು ನೋಡಿಲ್ಲ.

ಡೆಕ್ಲನ್ ಆ ಜಿಲ್ಲೆಯ ಗ್ರಂಥಾಲಯಕ್ಕೆ ಬರೆದು ಕೇಳಿದ. ಮ್ಯಾಕ್‌ಗೋವನ್ ಎಂದರೆ ಅವರ ಭಾಷೆಯಲ್ಲಿ ಕಮ್ಮಾರನ ಮಗ. ಅಲ್ಲಿನ ಎಷ್ಟೋ ಮ್ಯಾಕ್‌ಗೋವನ್ ಮನೆಗಳು ಇಂಗ್ಲಿಷಿನಲ್ಲಿ ಸ್ಮಿತ್ ಆದವು ಎಂದು ಉತ್ತರ ಬಂತು. ಆ ಹುಡುಗ ಅದನ್ನು ಮೂರು ಸಲ ಓದಿ, ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ. ನಾನೂ ಅತ್ತೆ. ಮುರಿಯಲು ಬಂದವಳು ನಾನು ಎಂಬುದು ಆಮೇಲೆ ನೆನಪಾಯಿತು.

ಕಮ್ಮಾರ ಎಂದೊಡನೆ ನೀವು ಮುಖ ಗಂಟು ಹಾಕಿದ್ದು ಇಲ್ಲಿಗೇ ಕಾಣುತ್ತದೆ. ಇನ್ನೂ ಒಂದು ರಜಿಸ್ಟರಿನ ಮಾತಿದೆ, ಕೂತು ಓದಿ. 1999ರಲ್ಲಿ ನಮ್ಮೂರ ಶಾಲೆಗೆ ನೂರು ತುಂಬಿದಾಗ ಹಳೆಯ ಪುಸ್ತಕಗಳ ನಕಲು ಮಾಡಿದವಳು ನಾನೇ. ಮಾವನವರ ದಾಖಲಾತಿ ಅದರಲ್ಲಿತ್ತು. ಅಡ್ಡಹೆಸರು ಎತ್ತಿನಮನಿ ಎಂದು ಬರೆದು, ಗೆರೆ ಎಳೆದು, ಪಕ್ಕಕ್ಕೆ ದೇಸಾಯಿ ಎಂದು ಬರೆದಿದ್ದರು. ನಿಮ್ಮ ಸೋದರತ್ತೆ ಗಂಗವ್ವನನ್ನು ಕೇಳಿದೆ. ನಿಮ್ಮಜ್ಜ ದೇಸಾಯರ ವಾಡೆಯಲ್ಲಿ ಎತ್ತು ನೋಡಿಕೊಂಡಿದ್ದರಂತೆ. ದೇಸಾಯರು ತಮ್ಮ ಮಗನನ್ನು ಶಾಲೆಗೆ ಹಾಕುವಾಗ ಮಾವನವರನ್ನೂ ಕರೆದುಕೊಂಡು ಹೋದರು. ಒಂದೇ ವಾಡೆಯಿಂದ ಬಂದ ಹುಡುಗರೆಂದು ಮಾಸ್ತರರು ಇಬ್ಬರಿಗೂ ಅದೇ ಹೆಸರು ಬರೆದುಬಿಟ್ಟರು. ಗುರುಬಸೂಗ ಹೇಳಬ್ಯಾಡ, ಅವನ ಎದಿ ಒಡೀತದ ಎಂದು ಗಂಗವ್ವ ನಿಮ್ಮ ಹೆಸರು ಹಿಡಿದೇ ಆಣೆ ಹಾಕಿಸಿಕೊಂಡಳು. ಅವಳು ಹೋಗಿ ಒಂಬತ್ತು ವರ್ಷವಾಯಿತು.

ಇಷ್ಟು ದಿನ ನುಂಗಿಕೊಂಡಿದ್ದೆ. ಈಗಲೂ ಯಾರಿಗೂ ಹೇಳಿಲ್ಲ, ಮಧುವಿಗೂ ಸಹ. ಎತ್ತು ಕಾಯ್ದವರ ಮನೆಯ ಸೊಸೆ ಎಂದು ನನಗೆ ಒಂದು ದಿನವೂ ಕೊರಗು ಬಂದಿಲ್ಲ. ನಿಮ್ಮ ಮೇಲಿನ ಮಾಯೆ ಹೆಚ್ಚೇ ಆಯಿತು. ನಿಮ್ಮನ್ನು ಸೋಲಿಸಬೇಕೆಂದು ಇದನ್ನು ಬರೆದಿಲ್ಲ. ನವೆಂಬರ್ 21ಕ್ಕೆ ಸ್ಟಾಂಡೆಸಾಮ್ಟಿನಲ್ಲಿ, ಎಂದರೆ ಇಲ್ಲಿನ ಮದುವೆ ಕಚೇರಿಯಲ್ಲಿ, ಸಹಿ. ಅಪ್ಪಾಜಿ ಬರತಾರೇನವ್ವಾ ಎಂದು ಅವಳು ದಿನಾ ಕೇಳುತ್ತಾಳೆ. ನೀವು ಬರಬೇಕು. ವೀಸಾದ ಕಾಗದಪತ್ರ ಸುನಿಲಕುಮಾರ ತಿಳಿಸಿಕೊಡುತ್ತಾನೆ.

ನಿಮ್ಮ ದಾರಿ ಕಾಯುತ್ತಿರುವ,
ಅನ್ನಪೂರ್ಣಾ

ತಾ.ಕ.: ಯಾರಿಗೂ ಹೇಳಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ಹುಡುಗ ಅತ್ತ ದಿನವೇ ನನ್ನ ಬಾಯಿಂದ ಬಂದುಬಿಟ್ಟಿತು, ಅವನು ತನ್ನ ತಾಯಿಗೆ ಹೇಳಿದ. ಆಕೆ ಕ್ಯಾವನ್ನಿನಲ್ಲಿ ಅರವತ್ತು ದನ ಕಟ್ಟಿಕೊಂಡಿದ್ದಾಳೆ. ಹುಡುಗಿ ದೊಡ್ಡ ಜಮೀನ್ದಾರರ ಮಗಳಂತೆ, ಅವರ ಮುಂದೆ ನಮ್ಮದೇನು ನಡೆದೀತು ಎಂದು ಹೆದರಿ, ಮದುವೆಗೆ ತಾನೂ ಬರುವುದಿಲ್ಲವೆಂದು ಮಗನಿಗೆ ಹೇಳಿಬಿಟ್ಟಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಈಗ ಟಿಕೆಟ್ ತೆಗೆಸಿದ್ದಾಳೆ. ಎತ್ತಿನಮನಿಯವರ ಪಕ್ಕದಲ್ಲೇ ತನಗೆ ಕುರ್ಚಿ ಹಾಕಿಸಬೇಕು ಎಂದು ಕೇಳಿದಳು. ಹಾಕಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.