ಬೊಗಸೆಯ ಅಚ್ಚು

ಅಣ್ಣನಿಗೆ,

ಕಾಗದವೆಂದರೆ ಕ್ಷೇಮ ವಿಚಾರಿಸಿ ಶುರು ಮಾಡಬೇಕು. ನೀನು ಕ್ಷೇಮವೆಂದು ಪೇಪರಿನ ಫೋಟೊದಲ್ಲೇ ಕಂಡಿತು, ಅದಕ್ಕೆ ಕೇಳುವುದಿಲ್ಲ. ಅಕ್ಷರ ಕೋಳಿ ಕೆರೆದ ಹಾಗಿದ್ದರೆ ಸಹಿಸಿಕೋ. ಬೇರೆಯವರಿಂದ ಬರೆಸಬಹುದಿತ್ತು, ಆದರೆ ಇದನ್ನು ಓದುವಾಗ ನೀನೂ ಸ್ವಲ್ಪ ಕಷ್ಟಪಡಲಿ ಅನ್ನಿಸಿತು.

ನಿನ್ನ ಕಾಗದ ಬಂತು, ಹನ್ನೊಂದು ವರ್ಷದ ಮೇಲೆ. ನಿನಗೆ ಹೆಸರು ತಂದ ‘ಬೊಗಸೆ’ಯ ಅಚ್ಚುಗಳೆಲ್ಲ ಸವೆದಿವೆಯಂತೆ. ಈಗ ಮಣ್ಣು ತುಂಬಿ ತೆಗೆದರೆ ಉಗುರು ಮೂಡುವುದಿಲ್ಲ, ಅಂಗೈಯ ಗೆರೆ ಮೂಡುವುದಿಲ್ಲ. ಗೋದಾಮಿನಲ್ಲಿಟ್ಟಿದ್ದ ಮಾದರಿಯೂ ಒಡೆದಿದೆ. ಮ್ಯೂಸಿಯಂನವರು ಮೊದಲಿನಷ್ಟೇ ಚೊಕ್ಕವಾದ ಒಂದನ್ನು ಕೇಳುತ್ತಿದ್ದಾರೆ, ಆದ್ದರಿಂದ ನನ್ನ ಹತ್ತಿರ ಇರುವ ಮೊದಲ ಅಚ್ಚನ್ನು ಕಳಿಸಬೇಕು. “ಜೋಪಾನ, ಅಂಚು ಮುಕ್ಕಾದ್ರೆ ಕೆಲಸಕ್ಕೆ ಬರಲ್ಲ” ಎಂದು ಬರೆದಿದ್ದೀಯ. ಎಲ್ಲ ಮುಗಿದ ಮೇಲೆ, ನೆನಪಾದವನಂತೆ, “ಕೈ ಹೇಗಿದೆ?”

ಕೈ ಹಾಗೇ ಇದೆ. ಎಡಗಡೆ ಒಂದು ಹೆಬ್ಬೆರಳು, ಬಲಗಡೆ ಹೆಬ್ಬೆರಳು ಮತ್ತು ಕಿರುಬೆರಳು. ಉಳಿದವು ಈ ಮೂವತ್ತು ವರ್ಷದಲ್ಲಿ ಮತ್ತೆ ಬೆಳೆದಿಲ್ಲ.

ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ ಮಾತು ನಿನಗೆ ನೆನಪಿದೆಯೋ ಇಲ್ಲವೋ. “ಮಗನಿಗೆ ಮಾತು ಬರುತ್ತೆ, ಮಗಳಿಗೆ ಮಣ್ಣು ಬರುತ್ತೆ.” ಹದಿನಾರಕ್ಕೆ ನಾನು ಎತ್ತುತ್ತಿದ್ದ ಹೂಜಿಯ ಗೋಡೆ ಎಷ್ಟು ತೆಳು ಎಂದರೆ ಬಿಸಿಲಿಗೆ ಹಿಡಿದು ನೋಡಿ ಅಪ್ಪ ನಗುತ್ತಿದ್ದ. ನೀನು ನಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಒಂದು ಕಲಾ ಪ್ರದರ್ಶನಕ್ಕೆಂದು ನೀನು ಜೇಡಿಮಣ್ಣಿನಲ್ಲಿ ಒಂದು ಜೊತೆ ಕೈ ಮಾಡಲು ಹೊರಟೆ. ಆರು ಸಲ ಮಾಡಿದೆ, ಆರು ಸಲವೂ ಬಾಳೆಹಣ್ಣಿನ ಚಿಪ್ಪು ಬಂತು. ಏಳನೆಯ ದಿನ ಬಂದು, “ನಿನ್ನ ಕೈ ಒಂದರ್ಧ ಗಂಟೆ ಕೊಡೇ” ಎಂದೆ.

ಜೀವ ಇರುವ ಕೈಯಿಂದ ಅಚ್ಚು ತೆಗೆಯುವ ಕ್ರಮ ನಮ್ಮ ಮನೆಯಲ್ಲಿ ಯಾರಿಗೂ ಹೊಸದಲ್ಲ. ಎಣ್ಣೆ ಸವರಬೇಕು. ತಣ್ಣೀರಿನಲ್ಲಿ ಕಲಸಿದ ಪ್ಲಾಸ್ಟರನ್ನು ತೆಳ್ಳಗೆ ಹಚ್ಚಬೇಕು, ಬೆಚ್ಚಗಾದ ಕೂಡಲೇ ಬಿಡಿಸಬೇಕು. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಕಾಯುತ್ತದೆ, ರಾಶಿ ದೊಡ್ಡದಾದಷ್ಟೂ ಕಾವು ಹೆಚ್ಚು. ನಿನಗೆ ಆತುರ. ಮರದ ಪೆಟ್ಟಿಗೆಯೊಳಗೆ ನನ್ನ ಬೊಗಸೆ ಇರಿಸಿ, ಬೇಗ ಗಟ್ಟಿಯಾಗಲೆಂದು ಬಿಸಿನೀರಿನಲ್ಲಿ ಕಲಸಿ, ಎರಡು ಬಕೆಟ್ ಒಟ್ಟಿಗೇ ಸುರಿದೆ. ಇದು ತಪ್ಪು. ತಪ್ಪನ್ನು ನಾನು ಎಂದೋ ಮನ್ನಿಸಿದ್ದೇನೆ. ಇಪ್ಪತ್ತೆರಡರ ಹುಡುಗರು ತಪ್ಪು ಮಾಡುತ್ತಾರೆ.

ಬಿಸಿ ಆಗ್ತಿದೆ ಅಣ್ಣ ಎಂದು ಹೇಳಿದೆ. “ಆಗುತ್ತೆ, ಅದಿರೋದೇ ಹಾಗೆ.” ಸುಡ್ತಿದೆ ಎಂದು ಹೇಳಿದೆ. “ಇನ್ನೈದು ನಿಮಿಷ ಕಣೇ, ಅಲುಗಾಡಿದ್ರೆ ಗೆರೆ ಹಾಳಾಗುತ್ತೆ.” ಆಮೇಲೆ ನಾನು ಕಿರುಚಿದೆ. ಆಗ ನೀನು ಹೆದರಿದೆ, ಒಪ್ಪುತ್ತೇನೆ, ಮುಖ ಬಿಳಚಿಕೊಂಡಿತ್ತು. ಸುತ್ತಿಗೆ ನಿನ್ನ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ನೀನು ಅದನ್ನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ನೀನು ಪೆಟ್ಟಿಗೆಯ ಹಲಗೆಗಳನ್ನು ಬಿಚ್ಚಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಪ್ಲಾಸ್ಟರಿನ ಸುತ್ತ ಸ್ಕೇಲಿಟ್ಟು ಗೆರೆ ಎಳೆದೆ. ಗೆರೆಯ ಮೇಲೆ ಗರಗಸ ಇಟ್ಟೆ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಇಪ್ಪತ್ತೈದು ನಿಮಿಷ ಹಿಡಿಯಿತು. ಅಚ್ಚು ಒಂದು ಮುಕ್ಕೂ ಆಗದೆ ಎರಡೇ ಹೋಳಾಗಿ ಬಂತು. ನೀನು ಮೊದಲು ಅದನ್ನು ಗೋಣಿಯ ಮೇಲೆ ಮಲಗಿಸಿದೆ, ಆಮೇಲೆ ನನ್ನನ್ನು ಎತ್ತಿದೆ.

ಆಸ್ಪತ್ರೆಯಲ್ಲಿ ಬೆಂದ ಏಳು ಬೆರಳನ್ನು ತೆಗೆದ ಮೇಲೆ ಅಮ್ಮ ನನ್ನ ತಲೆ ಸವರುತ್ತ ಹೇಳಿದಳು: “ನಿಂದಂತೂ ಆಗೋಯ್ತು. ಅವನದ್ದಾದ್ರೂ ನೆಟ್ಟಗಾಗ್ಲಿ, ಬಾಯಿ ಬಿಡ್ಬೇಡ.” ನಾನು ಬಿಡಲಿಲ್ಲ. ನೀನು ಬಿಟ್ಟೆ. ಸಂದರ್ಶನ ಮಾಡಲು ಬಂದವರಿಗೆಲ್ಲ, ತಂಗಿಯ ಮೊದಲ ಕೂಗಿಗೇ ಸುತ್ತಿಗೆಯಿಂದ ಒಡೆದು ತೆಗೆದೆ, ಆದರೂ ತಡವಾಗಿತ್ತು, ಈ ಬೊಗಸೆ ನನ್ನ ಪಶ್ಚಾತ್ತಾಪ ಎಂದು ಹೇಳಿ ಕಣ್ಣೊರೆಸಿಕೊಂಡೆ. ಸುತ್ತಿಗೆಯಿಂದ ಒಡೆದ ಅಚ್ಚಿನಲ್ಲಿ ಉಗುರಿನ ಸುತ್ತಿನ ಸಿಪ್ಪೆಯೂ ಹೇಗೆ ಉಳಿಯಿತು ಎಂದು ಒಬ್ಬನೂ ಕೇಳಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ನನ್ನದು, ಬಾಯಿ ನಿನ್ನದು.

ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ನನ್ನ ಕೈ ಇತ್ತು, ಅದರ ತುಂಬ ವಿಸಿಟಿಂಗ್ ಕಾರ್ಡು. ಹತ್ತಿರ ಹೋದರೆ ಅಲ್ಲಿ ಕೂತಿದ್ದ ಹುಡುಗಿ, “ಮುಟ್ಬೇಡಿ ಮೇಡಂ, ಬಿದ್ರೆ ಸಿಗಲ್ಲ” ಎಂದಳು. ಮುಟ್ಟುವ ಆಸೆಯೇನೂ ಇರಲಿಲ್ಲ. ಮಣ್ಣು ಒಣಗಿ ಸುಟ್ಟ ಮೇಲೆ ಎಂಟರಲ್ಲಿ ಒಂದು ಪಾಲು ಕುಗ್ಗುತ್ತದೆಯಲ್ಲ, ನೀನು ಊರೆಲ್ಲ ಹಂಚಿದ ಕೈಗಳು ಯಾವುದೋ ಮಗುವಿನ ಕೈಗಳು. ನನ್ನ ಅಳತೆಯ ಕೈ ಆ ಅಚ್ಚಿನಲ್ಲಿ ಮಾತ್ರ ಇತ್ತು.

ಅದಕ್ಕೇ ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ, “ಏನ್ ಬೇಕೋ ತಗೋ” ಎಂದು ನೀನು ಹೇಳಿದ್ದಕ್ಕೆ ಅಟ್ಟದ ಮೇಲಿನ ಆ ಎರಡು ಹೋಳು ತೆಗೆದುಕೊಂಡೆ. ನೀನು ನಕ್ಕೆ. ಭಾನುವಾರಗಳಲ್ಲಿ ಬಾಗಿಲು ಹಾಕಿಕೊಂಡು ಅದರೊಳಗೆ ಕೈ ಇಟ್ಟು ಕೂರುತ್ತಿದ್ದೆ. ಮೂರು ಬೆರಳು ತಮ್ಮ ಜಾಗಕ್ಕೆ ತಾವೇ ಹೋಗುತ್ತಿದ್ದವು. ಏಳು ಜಾಗ ಖಾಲಿ. ನಾಚಿಕೆಯಾಗುತ್ತದೆ ಹೇಳಲು, ಆ ಏಳು ಗುಳಿಗಳ ಮೇಲೆ ನನಗಿದ್ದ ಪ್ರೀತಿ ಜೀವವಿರುವ ಯಾರ ಮೇಲೂ ಇರಲಿಲ್ಲ.

ಅದರ ಎರಡು ಅಂಚಿನಲ್ಲೂ ನೀನೆಳೆದ ಪೆನ್ಸಿಲಿನ ಗೆರೆ ಅರ್ಧರ್ಧ ಉಳಿದಿತ್ತು. ಅದನ್ನು ಮ್ಯೂಸಿಯಂನವರಿಗೇ ತೋರಿಸಿಬಿಡೋಣ ಎಂದು ನಾಲ್ಕು ದಿನ ಯೋಚಿಸಿದೆ. ಆದರೆ ಅವರು ಅದನ್ನೂ ಗಾಜಿನೊಳಗಿಟ್ಟು, ದೀಪ ಹಾಕಿ, ಕೆಳಗೆ ನಿನ್ನ ಹೆಸರು ಬರೆಯುತ್ತಾರೆ. ಮೂವತ್ತು ವರ್ಷದಲ್ಲಿ ನೀನು ಇನ್ನೊಂದು ಕೆಲಸ ಮಾಡಲಿಲ್ಲ ಅಣ್ಣ. ಇದೊಂದು ಹೋದರೆ ನೀನು ಬರಿಗೈ ಎಂದು ನಿನಗೂ ಗೊತ್ತು, ಇಲ್ಲದಿದ್ದರೆ ನನಗೆ ಕಾಗದ ಬರೆಯುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಅಚ್ಚನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು, ಸುತ್ತಿಗೆಯನ್ನು ಬಲಗೈಗೆ ಬಟ್ಟೆಯಿಂದ ಕಟ್ಟಿಕೊಂಡು ಒಡೆದೆ. ಅಳು ಬಂತು, ಸುಳ್ಳೇಕೆ ಹೇಳಲಿ. ಪುಡಿಯನ್ನು ಈ ಕಾಗದದ ಜೊತೆ ಡಬ್ಬದಲ್ಲಿ ಕಳಿಸಿದ್ದೇನೆ. ಶುರು ಮಾಡುವ ಮೊದಲು ಗಡಿಯಾರ ನೋಡಿಕೊಂಡಿದ್ದೆ. ಮೂರು ಬೆರಳಿಗೆ ನಾಲ್ಕು ನಿಮಿಷ ಸಾಕಾಯಿತು. ನಿನಗೆ ಹತ್ತು ಇದ್ದವು, ಅಣ್ಣ.

ಹರಸುವುದಕ್ಕೆ ನಾನು ಚಿಕ್ಕವಳು. ಆದರೂ ಆ ಹತ್ತೂ ನೂರು ವರ್ಷ ಗಟ್ಟಿಯಾಗಿರಲಿ, ದಿನಾ ಬೆಳಿಗ್ಗೆ ನೀನು ಅವನ್ನು ನೋಡಿಕೊಂಡೇ ಏಳುವಂತಾಗಲಿ.

ಇತಿ,
ನಿನ್ನ ತಂಗಿ