ಸೋತ ಸ್ಪ್ರಿಂಗುಗಳ ಡಬ್ಬ

ಮಕ್ಕಳ ವಾರ್ಡು, ಕಿಟಕಿ ಪಕ್ಕದ ಮಂಚ
೧೨ ಮಾರ್ಚ್, ಮಧ್ಯಾಹ್ನ

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಪುಟ್ಟಿ ಇವತ್ತು ಬೆಳಿಗ್ಗೆ ಒಂದು ಇಡೀ ಬಾಳೆಹಣ್ಣು ತಿಂದಳು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು! ಎದೆಗೆ ಹಾಕಿರುವ ನಳಿಕೆಯನ್ನು ನಾಳೆ ತೆಗೆಯುತ್ತಾರಂತೆ. ಎರಡು ವರ್ಷ ಮಾತು ಬಿಟ್ಟವಳು ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದಾಳೆ ಅನ್ನಬೇಡ. ಇರುವುದೊಂದೇ ಮುಖ, ಬೇರೆ ಎಲ್ಲಿಂದ ತರಲಿ?

ಹುಟ್ಟಿದ ವಾರದಲ್ಲೇ ಕರುಳು ತಿರುಚಿಕೊಂಡು, ಕೆಟ್ಟದ್ದನ್ನು ಕತ್ತರಿಸಿ ತೆಗೆದ ಮೇಲೆ, ಇವಳಿಗೆ ಉಳಿದದ್ದು ಎರಡು ಗೇಣು ಸಣ್ಣ ಕರುಳು. ಅಂದಿನಿಂದ ಊಟವೆಲ್ಲ ಎದೆಯ ಆ ನಳಿಕೆಯಿಂದ ರಕ್ತನಾಳಕ್ಕೇ. ಅದರಿಂದ ಲಿವರ್ ಕೆಡುತ್ತಾ ಬಂದು ಕಣ್ಣು ಹಳದಿಯಾದಾಗ ಡಾಕ್ಟರಮ್ಮ ಒಂದು ದಾರಿ ಹೇಳಿದರು. ಅದುಮಿಟ್ಟ ಸ್ಪ್ರಿಂಗನ್ನು ಕರುಳಿನೊಳಗೆ ಇಡುವುದು, ಅದರ ಮೇಲಿನ ಕವಚ ಕರಗುವುದು, ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಂಡು ಕರುಳನ್ನು ಎಳೆಯುವುದು. ಬರೀ ಹಿಗ್ಗುವುದಲ್ಲ, ಎಳೆದಲ್ಲಿ ಕರುಳು ನಿಜವಾಗಿ ಬೆಳೆಯುತ್ತದಂತೆ.

ಅವರು ಬರೆದುಕೊಟ್ಟ ಸ್ಪ್ರಿಂಗಿನ ಚಿತ್ರ ಹಿಡಿದು ನಿನ್ನ ಹತ್ತಿರವೇ ಓಡಿಬಂದೆ. ಮೂವತ್ತು ವರ್ಷ ಸ್ಪ್ರಿಂಗ್ ಸುತ್ತಿದ ಕೈ ನಿನ್ನದು. ನೀನು ಅಳತೆ ನೋಡಿದವಳೇ, ಇದು ತುಂಬಾ ಬಿರುಸಾಯ್ತು ಕಣೇ, ಕರುಳು ತೂತಾಗುತ್ತೆ, ಮಗೂನ ಮುಟ್ಟೋಕೆ ಬಿಡ್ಬೇಡ ಅಂದೆ. ನನಗೆ ಎಲ್ಲಿತ್ತೋ ಸಿಟ್ಟು, ನೀನು ಹೆತ್ತಿದ್ದರೆ ಗೊತ್ತಾಗುತ್ತಿತ್ತು ಅಂದುಬಿಟ್ಟೆ. ಆ ಮಾತು ಆಡಿದ ನಾಲಿಗೆಯನ್ನು ಸುಡಬೇಕು.

ಇನ್ನೊಂದು ತಪ್ಪೂ ಇದೆ. ವಾರದ ಮೇಲೆ, ನೀನು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು, ಜಗಳದ ದಿನ ಬಿಟ್ಟುಹೋಗಿದ್ದ ಪುಟ್ಟಿಯ ಹೊದಿಕೆ ಒಯ್ಯಲು, ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು ನಿನ್ನ ಮನೆಗೆ ಬಂದಿದ್ದೆ. ನಿನ್ನ ಬಿಸ್ಕತ್ತಿನ ಡಬ್ಬ ಕಣ್ಣಿಗೆ ಬಿತ್ತು. ಮನೆಯಲ್ಲಿ ಸುತ್ತುವ ಪ್ರತಿ ಸ್ಪ್ರಿಂಗನ್ನೂ ಎರಡು ಬೆರಳಲ್ಲಿ ಅದುಮಿ ನೋಡಿ, ಮೆತ್ತಗಿದ್ದರೆ, ಸೋತ್ಯಾ, ಹೋಗು ಅಂತ ಅದಕ್ಕೆ ಎಸೆಯುತ್ತಿದ್ದೆಯಲ್ಲ, ಅದೇ. ಬಿರುಸು ಬೇಡವಾದರೆ ಸೋತದ್ದೇ ಬೇಕಲ್ಲವೇ ಅನ್ನಿಸಿ ಡಬ್ಬವನ್ನೇ ಚೀಲಕ್ಕೆ ಹಾಕಿಕೊಂಡೆ. ಹೌದು, ಕದ್ದೆ.

ಡಾಕ್ಟರಮ್ಮ ಒಂದೊಂದನ್ನೂ ತಕ್ಕಡಿಯ ಮೇಲೆ ಅದುಮಿ ನೋಡಿದರು. ಯಾರಮ್ಮ ಸುತ್ತಿದ್ದು ಅಂತ ಎರಡು ಸಲ ಕೇಳಿದರು. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಅಂತ ಸುಳ್ಳು ಹೇಳಿದೆ. ಅಷ್ಟೇ ಮೆತ್ತಗಿರುವ ಹಾಗೆ ಮೈಗೆ ಒಗ್ಗುವ ಲೋಹದಲ್ಲಿ ಮಾಡಿಸಿ, ವರ್ಷವಿಡೀ ಹಂದಿಗಳಲ್ಲಿ ನೋಡಿ, ಒಪ್ಪಿಗೆಗಳೆಲ್ಲ ಬಂದ ಮೇಲೆ ಪುಟ್ಟಿಗೆ ಮೂರು ಇಟ್ಟರು. ಆ ಹೆಂಗಸಿನ ತಾಳ್ಮೆಗೆ ಕೈ ಮುಗಿಯಬೇಕು. ವಾರವಾರ ಎಕ್ಸ್‌ರೇಯಲ್ಲಿ ಸುತ್ತು ಸುತ್ತು ಬಿಡಿಸಿಕೊಳ್ಳುವುದನ್ನು ನಾನೂ ನೋಡಿದೆ. ಕೆಲಸ ಮುಗಿಸಿ ತಾವೇ ಹೊರಗೆ ಬಂದವು, ಎಲ್ಲಿಂದ ಅಂತ ಕೇಳಬೇಡ, ಪುಟ್ಟಿ ಬಿದ್ದು ಬಿದ್ದು ನಕ್ಕಳು. ಎರಡು ಗೇಣು ಈಗ ಮೂರೂವರೆ ಆಗಿದೆ. ಕಣ್ಣು ಬೆಳ್ಳಗಾಗಿದೆ.

ನೋಡಕ್ಕಾ, ನಿನ್ನ ಕೈ ತಪ್ಪಿದ್ದೂ ನನ್ನ ಮಗಳನ್ನು ಉಳಿಸಿತು. ಕ್ಷಮಿಸು ಅಂತ ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ. ನಾಳೆ ಹತ್ತಕ್ಕೆ ನಳಿಕೆ ತೆಗೆಯುತ್ತಾರೆ, ಅದಕ್ಕೇ ಇದನ್ನು ಅಂಚೆಗೆ ಹಾಕದೆ ವಾರ್ಡಿನ ಆಯಾ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ದೊಡ್ಡಮ್ಮ ಬರ್ತಾಳಾ ಅಂತ ಇವಳು ಆಗಲೇ ನಾಲ್ಕು ಸಲ ಕೇಳಿದಳು. ಬಾ.

ನಿನ್ನ ಬಾಯಿಬಡುಕಿ,
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಡಾಕ್ಟರಮ್ಮನಿಗೆ ನಿಜ ಹೇಳಿಬಿಟ್ಟೆ, ಅದು ಅಕ್ಕ ಬಿಸಾಡಿದ ಮಾಲು, ಕದ್ದು ತಂದದ್ದು ಅಂತ. ಅವರು ನಕ್ಕರು. ಡಬ್ಬದಲ್ಲಿದ್ದ ಇಪ್ಪತ್ತೆರಡೂ ಕೂದಲೆಳೆ ವ್ಯತ್ಯಾಸ ಇಲ್ದೆ ಒಂದೇ ಅಳತೆಗೆ ಮೆತ್ತಗಿದ್ವು ಕಣಮ್ಮ, ಕೈತಪ್ಪಿ ಆದದ್ದು ಹಾಗಿರುತ್ತಾ ಅಂದರು. ಆಗ ನೆನಪಾಯಿತು. ಆ ಡಬ್ಬ ಯಾವಾಗಲೂ ನಿನ್ನ ಮೇಜಿನ ಕೆಳಗಿರುತ್ತಿತ್ತು. ಅವತ್ತು ಪುಟ್ಟಿಯ ಹೊದಿಕೆಯ ಮೇಲಿತ್ತು.